‘ಸಮಾನ’ ಎಂಬ ಮಾತಿನ ಚರಿತ್ರೆ: ಹೈಸ್ಕೂಲು ಡಿಪ್ಲೊಮಾ ಮತ್ತು ಜಿ.ಇ.ಡಿ.



ಈ ದೇಶದಲ್ಲಿ ಕೆಲಸಕ್ಕೋ ಕಾಲೇಜಿಗೋ ಅರ್ಜಿ ತುಂಬಿದವರೆಲ್ಲ ಒಂದು ಸಾಲನ್ನು ಕಂಡಿರುತ್ತೀರಿ: ‘ಹೈಸ್ಕೂಲು ಡಿಪ್ಲೊಮಾ ಅಥವಾ ಅದಕ್ಕೆ ಸಮಾನವಾದದ್ದು’. ಎಂಜಿನಿಯರುಗಳೂ ವೈದ್ಯರೂ ತುಂಬಿರುವ ನಮ್ಮ ಬಳಗದಲ್ಲಿ ಈ ಸಾಲಿಗೆ ಒಂದು ಗುರುತು ಹಾಕಿ ಮುಂದಕ್ಕೆ ಹೋಗುವವರೇ ಹೆಚ್ಚು. ಆದರೆ ಎಸ್.ಎಸ್.ಎಲ್.ಸಿ. ಆದ ಕೂಡಲೆ ಮದುವೆಯಾಗಿ ಬಂದ ಅಕ್ಕ, ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಅಣ್ಣನ ಅಂಗಡಿಗೆ ಕೈಗೂಡಿಸಲು ಬಂದ ತಮ್ಮ, ಹದಿನೇಳಕ್ಕೇ ಶಾಲೆ ಸಾಕೆಂದು ಮನೆಯಲ್ಲಿ ಕುಳಿತ ಮಗ, ಇಂಥವರ ಪೆನ್ನು ಆ ಸಾಲಿನ ಹತ್ತಿರ ನಿಂತುಬಿಡುತ್ತದೆ. ಇಂಥ ಮನೆಗಳು ನಮ್ಮಲ್ಲೂ ಇವೆ. ಯುಗಾದಿ ಊಟದ ಪಂಕ್ತಿಯಲ್ಲಿ ಅದರ ಮಾತು ಬರುವುದಿಲ್ಲ, ಅಷ್ಟೆ.

ಆ ಸಾಲಿನಲ್ಲಿರುವ ‘ಸಮಾನ’ ಎಂಬ ಪದ ಎಲ್ಲಿಂದ ಬಂತು? ಯಾರು ಯಾರಿಗೆ ಸಮಾನರೆಂದು ಹೇಳಿದವರು ಯಾರು? ಇದಕ್ಕೊಂದು ಚರಿತ್ರೆ ಇದೆ. ಅದನ್ನು ತಿಳಿದರೆ ಆ ಅಕ್ಕನಿಗೂ ಮಗನಿಗೂ ನಾವು ಹೇಳುವ ಮಾತು ಸ್ವಲ್ಪ ಬೇರೆಯಾದೀತು ಎಂಬ ಆಸೆಯಿಂದ ಈ ಲೇಖನ.

ಹೆಸರು ಒಂದೇ, ಲೆಕ್ಕ ಬೇರೆ

ನಮ್ಮ ಕಡೆ ಹೈಸ್ಕೂಲೆಂದರೆ ಎಂಟರಿಂದ ಹತ್ತರವರೆಗೆ. ಕೊನೆಗೆ ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆ, ಒಂದೇ ಬೋರ್ಡು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಮಹಿಮೆ ನಿಮಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಅನೇಕರ ಹುಟ್ಟಿದ ದಿನವನ್ನು ನಿಶ್ಚಯಿಸಿದ್ದೇ ಅದು! ಇಲ್ಲಿ ಹೈಸ್ಕೂಲೆಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು. ಇಡೀ ದೇಶಕ್ಕೆ ಅನ್ವಯಿಸುವ ಬೋರ್ಡೂ ಇಲ್ಲ, ಪರೀಕ್ಷೆಯೂ ಇಲ್ಲ.

ಕಾರಣ ಸಂವಿಧಾನದಲ್ಲಿದೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಬರುವುದಿಲ್ಲ. ಒಕ್ಕೂಟಕ್ಕೆ ವಹಿಸದೆ ಬಿಟ್ಟ ಅಧಿಕಾರವೆಲ್ಲ ರಾಜ್ಯಗಳದ್ದು ಎನ್ನುತ್ತದೆ ಹತ್ತನೆಯ ತಿದ್ದುಪಡಿ. ಹಾಗಾಗಿ ಡಿಪ್ಲೊಮಾಕ್ಕೆ ಏನು ಬೇಕೆಂಬುದನ್ನು ಆಯಾ ರಾಜ್ಯವೇ ನಿರ್ಧರಿಸುತ್ತದೆ. ಅದರ ಮೇಲೆ ಸ್ಥಳೀಯ ಶಾಲಾ ಮಂಡಳಿ ಇನ್ನಷ್ಟು ಸೇರಿಸಬಹುದು. ರಾಜ್ಯದ ಕನಿಷ್ಠ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾ ಇಂಗ್ಲಿಷನ್ನು 3 ವರ್ಷ, ಗಣಿತವನ್ನು 2 ವರ್ಷ ಕೇಳುತ್ತದೆ. ಟೆಕ್ಸಾಸಿನಲ್ಲಿ ಇಂಗ್ಲಿಷ್ 4, ಗಣಿತ 3, ಒಟ್ಟು 22 ಕ್ರೆಡಿಟ್. ಮಗಳು ಹನ್ನೊಂದನೆಯ ತರಗತಿಯಲ್ಲಿರುವಾಗ ಕೆಲಸದ ನಿಮಿತ್ತ ರಾಜ್ಯ ಬದಲಿಸುವ ತಂದೆತಾಯಿಗಳು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೈಸ್ಕೂಲು ಎಂಬುದು ಸರ್ಕಾರದ ಕರ್ತವ್ಯವೇ ಎಂಬುದೂ ಮೊದಲು ತೀರ್ಮಾನವಾಗಿರಲಿಲ್ಲ. ಈ ದೇಶದ ಮೊದಲ ಸಾರ್ವಜನಿಕ ಹೈಸ್ಕೂಲು ಬಾಸ್ಟನ್ನಿನಲ್ಲಿ 1821ರಲ್ಲಿ ಆರಂಭವಾಯಿತು. 500 ಕುಟುಂಬಗಳಿರುವ ಊರು ಹೈಸ್ಕೂಲು ನಡೆಸಬೇಕೆಂದು ಮಸಾಚುಸೆಟ್ಸ್ 1827ರಲ್ಲಿ ಕಾನೂನು ಮಾಡಿತು. ಆದರೂ ಮಿಷಿಗನ್ನಿನ ಕಲಮಜೂ ಊರಿನ ಕೆಲವು ತೆರಿಗೆದಾರರು ‘ಹಳ್ಳಿಯ ಮಕ್ಕಳಿಗೆ ಲ್ಯಾಟಿನ್ ಕಲಿಸಲು ನಮ್ಮ ಹಣವೇಕೆ’ ಎಂಬ ಧಾಟಿಯಲ್ಲಿ ಮೊಕದ್ದಮೆ ಹೂಡಿದರು. 1874ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಥಾಮಸ್ ಕೂಲಿ ಅದನ್ನು ತಳ್ಳಿಹಾಕಿ, ಜನರ ತೆರಿಗೆಯಿಂದ ಹೈಸ್ಕೂಲು ನಡೆಸುವುದು ನ್ಯಾಯಸಮ್ಮತವೆಂದು ತೀರ್ಪಿತ್ತರು. ಬೇರೆ ರಾಜ್ಯಗಳೂ ಆ ದಾರಿ ಹಿಡಿದವು.

ಇನ್ನೊಂದು ಮಾತು. ಶಾಲೆಗೆ ಹೋಗಬೇಕೆಂಬ ಕಾನೂನು ಬೇರೆ, ಶಾಲೆ ಮುಗಿಸಿದನೆಂಬ ಪತ್ರ ಬೇರೆ. ಹಾಜರಿಯ ಕಾನೂನನ್ನು ಮೊದಲು ತಂದದ್ದು 1852ರಲ್ಲಿ ಮಸಾಚುಸೆಟ್ಸ್. 8ರಿಂದ 14 ವರ್ಷದ ಮಕ್ಕಳು ವರ್ಷಕ್ಕೆ 12 ವಾರವಾದರೂ ಶಾಲೆಗೆ ಹೋಗಬೇಕು ಎಂದಿತು ಅದು. ಕಟ್ಟಕಡೆಗೆ 1918ರಲ್ಲಿ ಮಿಸಿಸಿಪಿ ಸೇರಿತು. ಇವು ಮಗುವನ್ನು ಒಂದು ವಯಸ್ಸಿನವರೆಗೆ ಶಾಲೆಯಲ್ಲಿ ಕೂರಿಸುತ್ತವೆ, ಡಿಪ್ಲೊಮಾ ಕೊಡಿಸುವುದಿಲ್ಲ. ವಯಸ್ಸು ಮೀರಿ, ಪತ್ರವಿಲ್ಲದೆ ಹೊರಬಂದವರ ದೊಡ್ಡ ಗುಂಪು ಹುಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಪಿಂಚಣಿಯಿಂದ ಹುಟ್ಟಿದ ಅಳತೆಗೋಲು

ಹೈಸ್ಕೂಲು ಮುಗಿಸುವುದೆಂದರೇನು? ನ್ಯೂಯಾರ್ಕ್ ರಾಜ್ಯ ನಮ್ಮ ಹಾಗೆ ಪರೀಕ್ಷೆಯ ದಾರಿ ಹಿಡಿಯಿತು. ಅಲ್ಲಿನ ‘ರೀಜೆಂಟ್ಸ್’ ಪರೀಕ್ಷೆಗಳು 1865ರಲ್ಲಿ ಆರಂಭವಾಗಿ, 1878ರಿಂದ ಹೈಸ್ಕೂಲಿನ ವಿಷಯಗಳಿಗೂ ಬಂದವು. ಉಳಿದ ಕಡೆ ಬಂದದ್ದು ಗಂಟೆಯ ಲೆಕ್ಕ. ಅದರ ಹುಟ್ಟು ತಮಾಷೆಯಾಗಿದೆ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟರು. ಆದರೆ ಯಾವುದನ್ನು ಕಾಲೇಜೆಂದು ಒಪ್ಪುವುದು? ಹೈಸ್ಕೂಲಿನಲ್ಲಿ 14 ‘ಯೂನಿಟ್’ ಮುಗಿಸಿದವರನ್ನು ಮಾತ್ರ ಸೇರಿಸಿಕೊಳ್ಳುವಂಥದ್ದೇ ಕಾಲೇಜು ಎಂದಿತು ಅವರ ಪ್ರತಿಷ್ಠಾನ. ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಓದಿದರೆ ಒಂದು ಯೂನಿಟ್. ಪಿಂಚಣಿ ಬೇಕಾದ ಕಾಲೇಜುಗಳು ಒಪ್ಪಿದವು, ಕಾಲೇಜು ಬೇಕಾದ ಹೈಸ್ಕೂಲುಗಳೂ ಒಪ್ಪಿದವು. ಇಂದು ನಮ್ಮ ಮಕ್ಕಳು ‘ಕ್ರೆಡಿಟ್’ ಎನ್ನುವುದು ಈ ಯೂನಿಟ್ಟಿನ ಸಂತತಿಯೇ.

ಈ ಪತ್ರ ಆಗ ಎಷ್ಟು ಜನರ ಕೈಯಲ್ಲಿತ್ತು? 1900ರ ಸುಮಾರಿಗೆ ಹದಿನೇಳು ವರ್ಷದವರಲ್ಲಿ ನೂರಕ್ಕೆ 6 ಮಂದಿ ಮಾತ್ರ ಹೈಸ್ಕೂಲು ಮುಗಿಸುತ್ತಿದ್ದರು. 1940ರ ಹೊತ್ತಿಗೆ ಅದು ಅರ್ಧಕ್ಕೆ ಏರಿತು. ಎಲ್ಲರಲ್ಲೂ ಇಲ್ಲದ ಪತ್ರವನ್ನು ಯಾರೂ ಎಲ್ಲರಿಂದ ಕೇಳುವುದಿಲ್ಲ. ಅರ್ಧದಷ್ಟು ಜನರಲ್ಲಿ ಬಂದಮೇಲೆ ಉಳಿದರ್ಧ ‘ಶಾಲೆ ಬಿಟ್ಟವರು’ ಎನಿಸಿಕೊಂಡರು.

ಯುದ್ಧ ತಂದ ಪರೀಕ್ಷೆ

ಎರಡನೆಯ ಮಹಾಯುದ್ಧಕ್ಕೆ ಲಕ್ಷಾಂತರ ಹುಡುಗರು ಹೈಸ್ಕೂಲನ್ನು ನಡುವೆಯೇ ಬಿಟ್ಟು ಹೋದರು. ಅವರು ಹಿಂದಿರುಗಿದಾಗ ಮತ್ತೆ ಹದಿನಾರರ ಮಕ್ಕಳ ಪಕ್ಕದಲ್ಲಿ ಕೂರಿಸುವುದೇ? ಮೊದಲನೆಯ ಮಹಾಯುದ್ಧದ ನಂತರ ಸೇನೆಯಲ್ಲಿದ್ದರೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ಕ್ರೆಡಿಟ್ ಹಂಚಿದ್ದರು; ಅದು ಯಾರಿಗೂ ಸಮಾಧಾನ ತಂದಿರಲಿಲ್ಲ. ಈ ಸಲ ಕಲಿತದ್ದನ್ನು ಅಳೆದೇ ಕೊಡೋಣ ಎಂದಾಯಿತು. 1942ರಲ್ಲಿ ಸೇನೆಯ ಕೋರಿಕೆಯಂತೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಸಂಸ್ಥೆ ಈ ಕೆಲಸಕ್ಕಿಳಿಯಿತು. ಅಯೋವ ವಿಶ್ವವಿದ್ಯಾಲಯದ ಇ. ಎಫ್. ಲಿಂಡ್‌ಕ್ವಿಸ್ಟ್ ಪರೀಕ್ಷೆಯನ್ನು ರೂಪಿಸುವಲ್ಲಿ ಮುಖ್ಯರಾದರು.

ಅವರ ಯೋಚನೆ ಸರಳವಾಗಿತ್ತು. ಕಂದಕದಲ್ಲೋ ಹಡಗಿನಲ್ಲೋ ಇದ್ದವನಿಗೆ ಪಠ್ಯಪುಸ್ತಕದ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಕೊಟ್ಟದ್ದನ್ನು ಓದಿ ಗ್ರಹಿಸಬಲ್ಲನೇ, ಲೆಕ್ಕ ಬಿಡಿಸಬಲ್ಲನೇ, ಬರೆಯಬಲ್ಲನೇ ಎಂದು ನೋಡಬೇಕು. ಇಂಗ್ಲಿಷ್ ಬರವಣಿಗೆ, ಸಮಾಜ, ವಿಜ್ಞಾನ, ಸಾಹಿತ್ಯ, ಗಣಿತ ಎಂದು ಐದು ಪತ್ರಿಕೆಗಳಾದವು. ಅದೇ ಪ್ರಶ್ನೆಗಳನ್ನು ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೂ ಕೊಟ್ಟು, ಅವರ ಅಂಕಗಳನ್ನು ನೋಡಿ ತೇರ್ಗಡೆಯ ಗೆರೆ ಎಳೆದರು. ‘ಸಮಾನ’ ಎಂಬ ಮಾತಿಗೆ ಆಧಾರ ಇದೇ. ಜಿ.ಇ.ಡಿ. ಎಂದರೆ ‘ಜನರಲ್ ಎಜುಕೇಷನಲ್ ಡೆವಲಪ್‌ಮೆಂಟ್’. ಅದರಲ್ಲಿ ಡಿಪ್ಲೊಮಾ ಎಂಬ ಪದವಿಲ್ಲ! ‘ಡಿ’ ಎಂದರೆ ಡಿಪ್ಲೊಮಾ ಎಂದು ಜನ ತಾವೇ ಅರ್ಥ ಮಾಡಿಕೊಂಡರು. ಪರೀಕ್ಷೆ ನಡೆಸಿದ್ದು ಖಾಸಗಿ ಸಂಸ್ಥೆ. ತೇರ್ಗಡೆಯಾದವರಿಗೆ ಸಮಾನ ಅರ್ಹತೆಯ ಪತ್ರ ಕೊಟ್ಟು ಅದಕ್ಕೆ ಕಾನೂನಿನ ಬೆಲೆ ತಂದದ್ದು ರಾಜ್ಯಗಳು.

1944ರಲ್ಲಿ ‘ಜಿ.ಐ. ಬಿಲ್’ ಎಂಬ ಹೆಸರಿನ ಕಾನೂನು ಬಂದು ಯೋಧರ ಕಾಲೇಜು ಖರ್ಚನ್ನು ಸರ್ಕಾರ ಹೊತ್ತಿತು. ಕಾಲೇಜಿನ ಬಾಗಿಲು ದಾಟಲು ಅನೇಕರಿಗೆ ನೆರವಾದದ್ದು ಈ ಪರೀಕ್ಷೆ. 1947ರಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನು ಸೇನೆಗೆ ಸೇರದ ವಯಸ್ಕರಿಗೂ ತೆರೆಯಿತು. 1959ರಲ್ಲಿ ಪರೀಕ್ಷೆಗೆ ಕುಳಿತವರಲ್ಲಿ ಯೋಧರಿಗಿಂತ ಇತರರೇ ಹೆಚ್ಚಾದರು. ನಮ್ಮೂರಲ್ಲಿ ‘ಖಾಸಗಿಯಾಗಿ ಕಟ್ಟುವುದು’ ಎನ್ನುತ್ತಿದ್ದೆವಲ್ಲ, ಹಗಲು ದುಡಿದು ರಾತ್ರಿ ಓದಿ ಎಸ್.ಎಸ್.ಎಲ್.ಸಿ.ಗೆ ಕಟ್ಟಿದವರನ್ನು ನಾವೆಲ್ಲ ಗೌರವದಿಂದ ಕಂಡಿದ್ದೇವೆ. ಜಿ.ಇ.ಡಿ. ಅದಕ್ಕೆ ತೀರ ಹತ್ತಿರದ ಸಂಬಂಧಿ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಖಾಸಗಿ ಅಭ್ಯರ್ಥಿಗೂ ಶಾಲೆಯ ಹುಡುಗನಿಗೂ ಸಿಗುವುದು ಅದೇ ಎಸ್.ಎಸ್.ಎಲ್.ಸಿ.; ಇಲ್ಲಿ ಪತ್ರಗಳೇ ಎರಡು.

ನ್ಯಾಯಾಲಯ ಕೇಳಿದ ಎರಡು ಪ್ರಶ್ನೆ

ಪತ್ರ ಎಲ್ಲೆಡೆ ಹರಡಿದ ಮೇಲೆ ಅದನ್ನು ಕೇಳುವವರ ಹಕ್ಕಿನ ಪ್ರಶ್ನೆ ಎದ್ದಿತು. ನಾರ್ತ್ ಕ್ಯಾರೊಲೈನಾದ ಡ್ಯೂಕ್ ಪವರ್ ವಿದ್ಯುತ್ ಕಂಪನಿಯ ಒಂದು ಸ್ಥಾವರದಲ್ಲಿ ಕಪ್ಪು ಜನರಿಗೆ ಕೂಲಿಯ ವಿಭಾಗದಲ್ಲಿ ಮಾತ್ರ ಕೆಲಸವಿತ್ತು. ಅಲ್ಲಿನ ಅತಿ ಹೆಚ್ಚಿನ ಸಂಬಳ ಉಳಿದ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕಡಿಮೆ. ಆ ವಿಭಾಗಗಳಿಗೆ ಸೇರಲು 1955ರಿಂದ ಹೈಸ್ಕೂಲು ಡಿಪ್ಲೊಮಾ ಬೇಕೆಂಬ ನಿಯಮವಿತ್ತು. 1960ರ ಜನಗಣತಿಯ ಪ್ರಕಾರ ಆ ರಾಜ್ಯದ ಬಿಳಿಯ ಗಂಡಸರಲ್ಲಿ ನೂರಕ್ಕೆ 34, ಕಪ್ಪು ಗಂಡಸರಲ್ಲಿ ನೂರಕ್ಕೆ 12 ಮಂದಿ ಹೈಸ್ಕೂಲು ಮುಗಿಸಿದ್ದರು. ನಿಯಮಕ್ಕೆ ಮೊದಲೇ ಸೇರಿದ್ದ ಬಿಳಿಯ ಕೆಲಸಗಾರರು ಡಿಪ್ಲೊಮಾ ಇಲ್ಲದೆಯೇ ಚೆನ್ನಾಗಿ ಕೆಲಸ ಮಾಡುತ್ತಿದ್ದರು. ವಿಲ್ಲಿ ಗ್ರಿಗ್ಸ್ ಮತ್ತು ಜೊತೆಯ 12 ಮಂದಿ ಕೋರ್ಟಿಗೆ ಹೋದರು. 1971ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು: ಒಂದು ಜನಾಂಗವನ್ನು ಹೊರಗಿಡುವ ಪರಿಣಾಮ ಬೀರುವ ಅರ್ಹತೆಯನ್ನು ಕೇಳುವುದಾದರೆ, ಅದಕ್ಕೂ ಆ ಕೆಲಸಕ್ಕೂ ಸಂಬಂಧವಿದೆಯೆಂದು ತೋರಿಸಬೇಕು, ಉದ್ದೇಶ ಒಳ್ಳೆಯದಿತ್ತು ಎಂದರೆ ಸಾಲದು.

ಎರಡನೆಯ ಪ್ರಶ್ನೆ ಫ್ಲಾರಿಡಾದಿಂದ ಬಂತು. 1970ರ ದಶಕದ ಕೊನೆಗೆ ಆ ರಾಜ್ಯ ಡಿಪ್ಲೊಮಾಕ್ಕೆ ಒಂದು ಕಡ್ಡಾಯ ಪರೀಕ್ಷೆ ಹೂಡಿತು. ಮೂರು ಅವಕಾಶಗಳ ನಂತರವೂ ತೇರ್ಗಡೆಯಾಗದವರು ಬಿಳಿಯರಲ್ಲಿ ನೂರಕ್ಕೆ ಸುಮಾರು 2, ಕಪ್ಪು ಮಕ್ಕಳಲ್ಲಿ ಸುಮಾರು 20. ಈ ಕಪ್ಪು ಮಕ್ಕಳು ಶಾಲೆ ಆರಂಭಿಸಿದ್ದೇ ವರ್ಣಭೇದದ ಶಾಲೆಗಳಲ್ಲಿ. ‘ಡೆಬ್ರಾ ಪಿ.’ ಎಂಬ ಹೆಸರಿನ ಮೊಕದ್ದಮೆಯಲ್ಲಿ 1981ರಲ್ಲಿ ಮೇಲ್ಮನವಿ ನ್ಯಾಯಾಲಯ, ಕಲಿಸದೇ ಇದ್ದದ್ದನ್ನು ಪರೀಕ್ಷೆಯಲ್ಲಿ ಕೇಳಿ ಡಿಪ್ಲೊಮಾ ತಡೆಯುವಂತಿಲ್ಲ ಎಂದಿತು. ಶಾಲೆಗೆ ಹೋಗಿ ಓದಿದ ವಿದ್ಯಾರ್ಥಿಗೆ ಡಿಪ್ಲೊಮಾದ ಮೇಲೆ ಆಸ್ತಿಯಂಥ ಹಕ್ಕಿದೆ. ಸಾಕಷ್ಟು ಮುನ್ಸೂಚನೆ ಕೊಡದೆ ಅದನ್ನು ಕಸಿಯಬಾರದು. ಇದು ಆ ತೀರ್ಪಿನ ಸಾರ.

ದೇವರು ವರ ಕೊಟ್ಟರೂ...

ಪೂಜಾರಿ ಕೊಡಬೇಕಲ್ಲ! ಕಾನೂನು ಸಮಾನವೆಂದದ್ದನ್ನು ಲೋಕ ಹಾಗೆಯೇ ಒಪ್ಪಲಿಲ್ಲ. ಯಾವ ಸೇನೆಗಾಗಿ ಈ ಪರೀಕ್ಷೆ ಹುಟ್ಟಿತೋ ಅದೇ ಸೇನೆ 1980ರ ದಶಕದಲ್ಲಿ, ಭರ್ತಿಗೆ ಬರುವವರಲ್ಲಿ ಡಿಪ್ಲೊಮಾದವರನ್ನು ಮೊದಲ ಸಾಲಿನಲ್ಲೂ ಜಿ.ಇ.ಡಿ.ಯವರನ್ನು ಎರಡನೆಯ ಸಾಲಿನಲ್ಲೂ ನಿಲ್ಲಿಸಿತು. 1993ರಲ್ಲಿ ಸ್ಟೀಫನ್ ಕ್ಯಾಮೆರಾನ್ ಮತ್ತು ಜೇಮ್ಸ್ ಹೆಕ್ಮನ್ ಎಂಬ ಅರ್ಥಶಾಸ್ತ್ರಜ್ಞರು ಕೆಲಸ, ಸಂಬಳಗಳ ಲೆಕ್ಕ ತೆಗೆದು, ಜಿ.ಇ.ಡಿ. ಪಡೆದವರ ಸ್ಥಿತಿ ಡಿಪ್ಲೊಮಾದವರಿಗಿಂತ ಶಾಲೆ ಬಿಟ್ಟವರಿಗೇ ಹತ್ತಿರವಾಗಿದೆ ಎಂದು ತೋರಿಸಿದರು. ಹೆಕ್ಮನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಪರೀಕ್ಷೆ ಬುದ್ಧಿಯನ್ನು ಅಳೆಯುತ್ತದೆ. ನಾಲ್ಕು ವರ್ಷ ದಿನವೂ ಎದ್ದು ಶಾಲೆಗೆ ಹೋಗುವ ಪಟ್ಟನ್ನು ಅದು ಅಳೆಯಲಾರದು ಎಂಬುದು ಅವರ ಮುಂದಿನ ಬರಹಗಳ ವಾದ.

ಇದು ತಳ್ಳಿಹಾಕುವ ಮಾತಲ್ಲ. ಮಗ ‘ಜಿ.ಇ.ಡಿ. ಮಾಡಿಬಿಡುತ್ತೇನೆ, ಶಾಲೆ ಬೇಡ’ ಎಂದರೆ, ಆದಷ್ಟು ಶಾಲೆಯಲ್ಲೇ ಉಳಿಸಲು ನೋಡಬೇಕು ಎಂಬುದಕ್ಕೆ ಇದೇ ಆಧಾರ. ಆದರೆ ಅವರ ಲೆಕ್ಕ ಅಮೆರಿಕದ ಯುವಕರದ್ದು. ನಮ್ಮ ಅಕ್ಕ ಓದು ನಿಲ್ಲಿಸಿದ್ದು ಪಟ್ಟು ಇಲ್ಲದೆ ಅಲ್ಲ. ಮನೆಯವರು ಮದುವೆ ಗೊತ್ತುಮಾಡಿದರು ಎಂದು. ಪಟ್ಟಿನ ಮಾತಾದರೆ, ಭಾಷೆ ಬಾರದ ನೆಲದಲ್ಲಿ ಸಂಸಾರ ಕಟ್ಟಿದವಳಿಗೆ ಅದನ್ನು ಹೊಸದಾಗಿ ಯಾರು ಕಲಿಸಬೇಕು?

ಸಂಬಳದ ಲೆಕ್ಕ ಹೇಗಿದ್ದರೂ ಬಾಗಿಲ ಬೀಗದ ಕೈ ಈ ಪತ್ರವೇ. ಪತ್ರವಿಲ್ಲದವರೂ ಒಂದು ಪರೀಕ್ಷೆ ಬರೆದು ಕಾಲೇಜಿಗೆ ಕೇಂದ್ರದ ಧನಸಹಾಯ ಪಡೆಯುವ ದಾರಿಯೊಂದಿತ್ತು. 2012ರ ಜುಲೈಯಿಂದ ಹೊಸಬರಿಗೆ ಅದು ಮುಚ್ಚಿತು. ಮುಂದೆ ವೃತ್ತಿಶಿಕ್ಷಣದ ಕೆಲವು ಕಾರ್ಯಕ್ರಮಗಳಿಗೆ ಮಾತ್ರ ಮತ್ತೆ ತೆರೆಯಿತು. ಅದೇ 2012ರಲ್ಲಿ, ಬಾಲ್ಯದಲ್ಲಿ ದಾಖಲೆಯಿಲ್ಲದೆ ಬಂದವರಿಗೆ ಸರ್ಕಾರ ಪ್ರಕಟಿಸಿದ ರಕ್ಷಣೆಯ ಯೋಜನೆಯಲ್ಲಿ ಡಿಪ್ಲೊಮಾದ ಪಕ್ಕದಲ್ಲಿ ಜಿ.ಇ.ಡಿ.ಗೂ ಜಾಗ ಸಿಕ್ಕಿತು.

ಗೆರೆ ಅಲುಗುತ್ತಲೇ ಇದೆ

2014ರಲ್ಲಿ ಜಿ.ಇ.ಡಿ. ಕಂಪ್ಯೂಟರಿಗೆ ಬಂತು. ಪ್ರಶ್ನೆಗಳು ಕಠಿಣವಾದವು, ಹಲವೆಡೆ ಶುಲ್ಕ ಏರಿತು, ಬರೆಯುವವರ ಸಂಖ್ಯೆ ಬಿದ್ದಿತು. ಹೈಸೆಟ್, ಟಾಸ್ಕ್ ಎಂಬ ಎರಡು ಪೈಪೋಟಿಯ ಪರೀಕ್ಷೆಗಳು ಹುಟ್ಟಿದವು. 2016ರಲ್ಲಿ ಜಿ.ಇ.ಡಿ.ಯ ತೇರ್ಗಡೆ ಅಂಕವನ್ನು 150ರಿಂದ 145ಕ್ಕೆ ಇಳಿಸಿದರು. ಟಾಸ್ಕ್ 2021ರ ಕೊನೆಗೆ ನಿಂತಿತು. ಈಗ ರಾಜ್ಯಕ್ಕೆ ತಕ್ಕಂತೆ ಜಿ.ಇ.ಡಿ. ಅಥವಾ ಹೈಸೆಟ್, ಕೆಲವೆಡೆ ಎರಡೂ.

ಡಿಪ್ಲೊಮಾದ ಕತೆಯೂ ಅಷ್ಟೆ. ಕ್ಯಾಲಿಫೋರ್ನಿಯಾ 2006ರಿಂದ ಕಡ್ಡಾಯ ಮಾಡಿದ್ದ ನಿರ್ಗಮನ ಪರೀಕ್ಷೆಯನ್ನು 2015ರಲ್ಲಿ ಕೈಬಿಟ್ಟಿತು. ಆ ಒಂದು ಪರೀಕ್ಷೆಯ ಕಾರಣಕ್ಕೆ ಮಾತ್ರ ಡಿಪ್ಲೊಮಾ ತಪ್ಪಿದ್ದ ಹಳೆಯ ವಿದ್ಯಾರ್ಥಿಗಳಿಗೂ ಹಿಂದಿನಿಂದ ಅನ್ವಯಿಸುವಂತೆ ಪತ್ರ ಕೊಡಲು ಕಾನೂನು ಮಾಡಿತು. ಮಸಾಚುಸೆಟ್ಸಿನಲ್ಲಿ 2003ರಿಂದ ಇದ್ದ ಇಂಥದೇ ಷರತ್ತನ್ನು 2024ರ ನವೆಂಬರಿನಲ್ಲಿ ಮತದಾರರೇ ತೆಗೆದುಹಾಕಿದರು. ನಿನ್ನೆ ಅನುತ್ತೀರ್ಣನಾದವನು ಇಂದು ಉತ್ತೀರ್ಣ. ಅವನ ತಲೆಯೊಳಗೆ ಬದಲಾದದ್ದು ಏನೂ ಇಲ್ಲ. ಗೆರೆಯನ್ನು ಎಳೆಯುವವರು ಮನುಷ್ಯರು, ಅಳಿಸುವವರೂ ಮನುಷ್ಯರು.

ನಮ್ಮವರಿಗೆ ನಾಲ್ಕು ಮಾತು

ಊರಿನ ಪತ್ರವಿದ್ದವರು ಅದನ್ನು ಬೀರುವಿನಿಂದ ಹೊರತೆಗೆಯಿರಿ. ಎಸ್.ಎಸ್.ಎಲ್.ಸಿ.ಯ ಮೇಲೆ ಎರಡು ವರ್ಷದ ಪಿ.ಯು.ಸಿ. ತೇರ್ಗಡೆಯಾಗಿದ್ದರೆ ಹನ್ನೆರಡು ವರ್ಷದ ಲೆಕ್ಕ ಕೂಡುತ್ತದೆ. ಸಾಮಾನ್ಯವಾಗಿ ಇಲ್ಲಿನ ಹೈಸ್ಕೂಲಿಗೆ ಸಮವೆಂದು ಒಪ್ಪುತ್ತಾರೆ. ಬರಿಯ ಎಸ್.ಎಸ್.ಎಲ್.ಸಿ. ಆದರೆ ಎರಡು ವರ್ಷ ಕಡಿಮೆ ಬೀಳುತ್ತದೆ. ವಿದೇಶದ ಪತ್ರಗಳ ಮೌಲ್ಯಮಾಪನವನ್ನು ಕೇಂದ್ರದ ಶಿಕ್ಷಣ ಇಲಾಖೆ ಮಾಡುವುದಿಲ್ಲ, ಖಾಸಗಿ ಸಂಸ್ಥೆಗಳು ಮಾಡುತ್ತವೆ. ದುಡ್ಡು ಕಟ್ಟುವ ಮೊದಲು, ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತೀರಿ ಎಂದು ಕಾಲೇಜನ್ನೋ ಕೆಲಸ ಕೊಡುವವರನ್ನೋ ಕೇಳಿ.

ಪತ್ರವಿಲ್ಲದವರು ತಮ್ಮ ರಾಜ್ಯದ ಶಿಕ್ಷಣ ಇಲಾಖೆಯಲ್ಲಿ, ಇಲ್ಲವೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ವಿಚಾರಿಸಿ. ವಯಸ್ಕರ ತರಗತಿಗಳು ಅನೇಕ ಕಡೆ ಉಚಿತ. ವಯಸ್ಸಿನ ಮೇಲಿನ ಮಿತಿ ಎಂಬುದಿಲ್ಲ. ಹದಿನೆಂಟಕ್ಕಿಂತ ಚಿಕ್ಕವರಿಗೆ ಮಾತ್ರ ರಾಜ್ಯ ರಾಜ್ಯಕ್ಕೂ ಬೇರೆ ಷರತ್ತುಗಳಿವೆ. ಓದದೆ, ಬರೆಯದೆ, ಹಣ ಕಳಿಸಿದರೆ ಸಾಕು ಡಿಪ್ಲೊಮಾ ಅಂಚೆಯಲ್ಲಿ ಬರುತ್ತದೆ ಎನ್ನುವವರನ್ನು ನಂಬಬೇಡಿ. ಇಂಥ ಕಂಪನಿಗಳ ಮೇಲೆ ಕೇಂದ್ರದ ವ್ಯಾಪಾರ ಆಯೋಗ 2014ರಲ್ಲಿ ಕ್ರಮ ಕೈಗೊಂಡಿತ್ತು; ಆದರೂ ಈ ದಂಧೆ ನಿಂತಿಲ್ಲ.

ಕೊನೆಯ ಮಾತು ನಮಗೇ. ನಮ್ಮ ಕೂಟಗಳಲ್ಲಿ ‘ಮಗ ಯಾವ ಕಾಲೇಜು?’ ಎಂಬುದು ‘ಊಟ ಆಯಿತೇ?’ ಎಂಬಷ್ಟೇ ಸಹಜವಾಗಿ ಬರುವ ಪ್ರಶ್ನೆ. ಉತ್ತರ ಹೇಳಲಾಗದೆ ಕೂಟಕ್ಕೇ ಬಾರದೆ ಉಳಿದ ಮನೆಗಳಿವೆ. ಮುಂದಿನ ಸಲ ಯಾರಾದರೂ ‘ನಮ್ಮವನು ಜಿ.ಇ.ಡಿ. ಕಟ್ಟಿದ್ದಾನೆ’ ಎಂದರೆ, ಯಾಕೆ, ಏನಾಯಿತು ಎಂದು ಕೇಳುವ ಬದಲು ಪರೀಕ್ಷೆ ಎಂದು, ಗಣಿತಕ್ಕೆ ಯಾರಾದರೂ ಹೇಳಿಕೊಡಬೇಕೇ ಎಂದು ಕೇಳೋಣ. ಹೇಳಿಕೊಡಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ನಲವತ್ತೈದರ ಅಕ್ಕನಿಗೆ ಬೀಜಗಣಿತ ಹೇಳಿಕೊಡಲು ವಾರಕ್ಕೆ ಒಂದು ಸಂಜೆ ಬಿಡುವು ಮಾಡಿಕೊಳ್ಳುವವರು ಮುಂದಿನ ಸಭೆಯಲ್ಲಿ ಹೆಸರು ಕೊಡಿ.